ಮೂರು ಮೀಟರಿನ ನೆಪ

ಕಾಸರಗೋಡಿನ ಎಂಡೋಸಲ್ಫಾನ್ ದುರಂತಕ್ಕೆ ಕೃಷಿ ವಲಯದಲ್ಲಿ ಇಂದಿಗೂ ಚಲಾವಣೆಯಲ್ಲಿರುವ ವಿವರಣೆಯೊಂದಿದೆ: ಔಷಧದಲ್ಲಿ ದೋಷವಿಲ್ಲ, ವೈಮಾನಿಕ ಸಿಂಪಡಣೆಯಲ್ಲೂ ದೋಷವಿಲ್ಲ, ಗೇರು ಮರಗಳ ನೆತ್ತಿಯಿಂದ ಎರಡು-ಮೂರು ಮೀಟರ್ ಮೇಲೆ ಹಾರಬೇಕಿದ್ದ ಹೆಲಿಕಾಪ್ಟರ್ ತೀರ ಎತ್ತರದಲ್ಲಿ ಹಾರಿತು, ಅಷ್ಟೇ. ಈ ವಿವರಣೆಗೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗೆ ಮೀರಿದ್ದು. ಸಿಂಪಡಣೆಯ ಡ್ರೋನಿಗೆ ಸಬ್ಸಿಡಿ ಸಿಗುತ್ತಿರುವ ಕಾಲದಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡದ ರೈತರೂ ಅದನ್ನು ಕೂಲಂಕಷವಾಗಿ ನೋಡಬೇಕು.

ಆ ಮೂರು ಮೀಟರನ್ನೇ ಹಿಡಿದು ನೋಡೋಣ. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಎಂಬ ಊರುಗಳ ಸುತ್ತ ಗೇರು ಬೆಳೆದಿರುವುದು ಗುಡ್ಡದ ಇಳಿಜಾರಿನಲ್ಲಿ. ಒಂದು ಮರದ ನೆತ್ತಿ ಇನ್ನೊಂದರ ಬುಡಕ್ಕೆ ಸಮ. ಅಂಥಲ್ಲಿ ರೆಕ್ಕೆ ಮರಕ್ಕೆ ತಾಗದಂತೆ, ಎದುರಿನ ಗುಡ್ಡಕ್ಕೆ ಬಡಿಯದಂತೆ ಹಾರಬೇಕಾದ ಪೈಲಟ್ ಮೇಲೇರಲೇಬೇಕು. ಮೇಲೇರಿದರೆ ಹನಿ ಗಾಳಿಯ ಪಾಲು. ನಿಯಮ ಪಾಲಿಸಿದರೆ ಅವನ ಜೀವಕ್ಕೆ ಅಪಾಯ, ಮುರಿದರೆ ಊರಿಗೆ. ಇಂಥ ನಿಯಮ ಸಿಂಪಡಣೆಯನ್ನು ನಿಯಂತ್ರಿಸುವುದಿಲ್ಲ, ತಪ್ಪನ್ನು ಯಾರ ತಲೆಗೆ ಕಟ್ಟಬೇಕೆಂದು ಮೊದಲೇ ಗೊತ್ತುಮಾಡಿಡುತ್ತದೆ. ನೀರಿನ ಮೂಲಗಳನ್ನು ಮುಚ್ಚಿಡಿ ಎಂಬ ಸೂಚನೆಯೂ ಹೀಗೆಯೇ. ಬಾವಿಯನ್ನು ಮುಚ್ಚಬಹುದು, ಹರಿಯುವ ತೋಡನ್ನು ಮುಚ್ಚುವುದು ಹೇಗೆ? ಪೈಲಟ್‌ನದೇ ತಪ್ಪಾಗಿದ್ದರೆ ಗಡಿಯ ಈಚೆ ಬೇರೆ ಫಲ ಕಾಣಬೇಕಿತ್ತು. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಅಲ್ಲ, ಕರ್ನಾಟಕದ್ದೇ ಗೇರು ಅಭಿವೃದ್ಧಿ ನಿಗಮ ಸಿಂಪಡಿಸಿದ ಕೊಕ್ಕಡ, ಪಟ್ರಮೆ, ನಿಡ್ಲೆಯಲ್ಲೂ ಜನ ಅದೇ ಗೋಳು ತೋಡಿಕೊಂಡರು. ನಿಗಮ ಬೇರೆ, ಗುಡ್ಡ ಬೇರೆ. ವಿಧಾನ ಮಾತ್ರ ಒಂದೇ.

ಈ ಊರುಗಳ ಜನರ ಕಾಯಿಲೆಗಳಿಗೆ ಎಂಡೋಸಲ್ಫಾನೇ ಕಾರಣ ಎಂಬುದು ಸಾಬೀತಾಗಿಲ್ಲ ಎನ್ನುವ ವಿಮರ್ಶಕರಿದ್ದಾರೆ. ಪಡ್ರೆಯ 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿ, ಪ್ರಾಯಕ್ಕೆ ಬರುವುದು ತಡವಾಗಿದೆ ಎಂದ 2003ರ ಅಧ್ಯಯನ ಎಲ್ಲ ಕಾಯಿಲೆಗಳನ್ನೂ ವಿವರಿಸುವುದಿಲ್ಲ, ನಿಜ. ಆದರೆ ಈ ವಿಮರ್ಶಕರು ಕೇಳುವ ಪುರಾವೆ ಒಂದೇ ದಿಕ್ಕಿನದು. ಮನೆ, ಶಾಲೆ, ನೀರಿನ ಮೇಲೆ ಎರಡು ದಶಕ ವಿಷ ಸುರಿಯುವ ಮೊದಲು ಅದು ನಿರಪಾಯವೆಂಬುದಕ್ಕೆ ಪುರಾವೆ ಎಲ್ಲಿತ್ತೆಂದು ಅವರು ಕೇಳುವುದೇ ಇಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ತಯಾರಿಕೆ, ಮಾರಾಟಗಳನ್ನೇ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿಸಲು ಆದೇಶಿಸಿತು.

ಕಾಗವಾಡ ಬಯಲು ಸೀಮೆ, ಡ್ರೋನ್ ಬೆಳೆಯ ಸಮೀಪವೇ ಹಾರುತ್ತದೆ, ಈ ಹೋಲಿಕೆ ಸಲ್ಲದು ಎನ್ನಬಹುದು. ಎತ್ತರದ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಆದರೆ ಇಲ್ಲಿ ಕಬ್ಬಿನ ಬದುವಿಗೆ ಹೊಂದಿಕೊಂಡೇ ದನದ ಮೇವು, ತೋಟದ ಮನೆ, ದ್ರಾಕ್ಷಿ ಇವೆ. ಕಬ್ಬಿನ ಕಳೆಗೆ ಹೊಡೆಯುವ 2,4-ಡಿ ಗಾಳಿಗೆ ತೇಲಿ ದ್ರಾಕ್ಷಿಗೆ ತಗುಲಿದರೆ ಚಿಗುರೆಲೆ ಬೀಸಣಿಗೆಯಂತೆ ಮುರುಟುತ್ತದೆ. ಅದಕ್ಕೆ ಅತ್ಯಲ್ಪ ಪ್ರಮಾಣವೇ ಸಾಕು. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಡ್ರೋನ್ ಸಿಂಪಡಣೆಯ ಕಾರ್ಯವಿಧಾನ ಹೊರಡಿಸಿದೆ. ಡ್ರೋನ್ ದೀದಿ ಯೋಜನೆಯಲ್ಲಿ ಮಹಿಳಾ ಸಂಘಗಳಿಗೆ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವೂ ಇದೆ. ನಾಳೆ ಪಕ್ಕದ ತೋಟ ಸುಟ್ಟರೆ, ಡ್ರೋನ್ ನಡೆಸಿದ ಹೆಣ್ಣುಮಗಳು ಎತ್ತರ ತಪ್ಪಿದಳೆಂದು ಕಡತ ಮುಚ್ಚಕೂಡದು. ಗಾಳಿ ಯಾವ ಕಡೆಗಿತ್ತು, ಆ ಕಡೆ ಯಾರ ಬೆಳೆ ಇತ್ತು, ಅವರಿಗೆ ಮುಂಚೆ ತಿಳಿಸಲಾಗಿತ್ತೇ, ಆ ಹೊಲಕ್ಕೆ ಮೇಲಿಂದ ಎಣ್ಣೆ ಹೊಡೆಯಲು ಒಪ್ಪಿದವರು ಯಾರು ಎಂಬುದರಿಂದಲೇ ವಿಚಾರಣೆ ಶುರುವಾಗಬೇಕು.