‘ಕಲ್ಲು ಕರಗಿಸುವುದು’: ಒಂದು ಪದವಿಚಾರ

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗಳಲ್ಲಿ ತರೀಕೆರೆಯ ಒಂದು ಪಾರ್ಶ್ವ ಮಲೆನಾಡಿಗೆ ಸೇರಿದೆ. ಉಳಿದುದರಲ್ಲಿ ಹೆಚ್ಚಿನ ಪಾಲು ಬಯಲು. ಬಿಸಿಲಿನಲ್ಲಿ ದುಡಿದು ಬೆವರುವ ದೇಹಕ್ಕೆ ಸಾಕಷ್ಟು ನೀರು ದೊರೆಯದಿದ್ದರೆ ಮೂತ್ರವು ಸಾಂದ್ರವಾಗಿ, ಅದರಲ್ಲಿನ ಲವಣಗಳು ಹರಳುಗಟ್ಟುತ್ತವೆ. ಈ ವ್ಯಾಧಿಯ ನೋವನ್ನು ಒಮ್ಮೆ ಉಂಡವನಿಗೆ, ಶಸ್ತ್ರಚಿಕಿತ್ಸೆಯಿಲ್ಲದೆ ಔಷಧಿಯಿಂದಲೇ ಕಲ್ಲನ್ನು ಕರಗಿಸಬಹುದೆಂಬ ಮಾತು ಅಮೃತಪ್ರಾಯವಾಗಿ ಕೇಳಿಸುವುದು ಸಹಜ. ಪ್ರಚಾರಪತ್ರಗಳಲ್ಲಿಯೂ ಜನರ ಬಾಯಿಯಲ್ಲಿಯೂ ಬಳಕೆಯಲ್ಲಿರುವ ಆ ಮಾತಿನ ಅರ್ಥವನ್ನು ಪರೀಕ್ಷಿಸುವುದು ನಮ್ಮ ಉದ್ದೇಶ. ಇದು ಭಾಷಾವಿಭಾಗದ ಕೆಲಸವೇ ಎಂದು ಕೆಲವರು ಶಂಕಿಸಬಹುದು. ಕೀರ್ತಿವರ್ಮನ ‘ಗೋವೈದ್ಯ’ವನ್ನೂ ಮಂಗರಾಜನ ‘ಖಗೇಂದ್ರಮಣಿದರ್ಪಣ’ವನ್ನೂ ಸಾಹಿತ್ಯಚರಿತ್ರೆಯೊಳಗೆ ಸೇರಿಸಿಕೊಂಡಿರುವ ನಾವು ವೈದ್ಯದ ಮಾತನ್ನು ಹೊರಗಿನದೆಂದು ಬಿಡುವಂತಿಲ್ಲ.

ಶಸ್ತ್ರವನ್ನು ದೂರವಿಡಬೇಕೆಂಬ ಬಯಕೆ ಅಜ್ಞಾನದ ಫಲವೆಂದು ತಿಳಿಯುವುದು ತಪ್ಪು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 7ನೆಯ ಅಧ್ಯಾಯ ಅಶ್ಮರಿಗೇ ಮೀಸಲಾಗಿದೆ. ಎಳೆಯ ಅಶ್ಮರಿ ಔಷಧಸಾಧ್ಯ, ಬಲಿತುದು ಛೇದನಯೋಗ್ಯ ಎಂದು ಅಲ್ಲಿ ವಿಭಾಗಿಸಿದೆ. ಕುಶಲನಾದ ವೈದ್ಯನಿಗೂ ಇಲ್ಲಿ ಸಿದ್ಧಿ ನಿಶ್ಚಿತವಲ್ಲವಾದುದರಿಂದ ಶಸ್ತ್ರಕ್ರಿಯೆ ಕಡೆಯ ಉಪಾಯ. ಮಾಡದಿದ್ದರೆ ಮರಣ ನಿಶ್ಚಿತ, ಮಾಡಿದರೆ ಸಂಶಯ. ಆದಕಾರಣ ಒಡೆಯನ ಅನುಮತಿ ಪಡೆದು ಮಾಡತಕ್ಕದ್ದು ಎಂಬುದು ಆ ಗ್ರಂಥದ ನಿಲುವು. ಶಸ್ತ್ರವೈದ್ಯದ ಆಚಾರ್ಯನೇ ಇಷ್ಟು ಹಿಂಜರಿದಿದ್ದಾನೆ. ಆದರೆ ಅವನು ಎಲ್ಲ ಕಲ್ಲುಗಳಿಗೂ ಒಂದೇ ಮಾತನ್ನು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಇಂದಿನ ಪ್ರಚಾರದ ಭಾಷೆ ಕಳೆದುಕೊಂಡಿರುವುದು ಈ ವಿವೇಕವನ್ನೇ.

‘ಕರಗಿಸು’ ಎಂಬ ಒಂದು ಕ್ರಿಯಾಪದ ಈಗ ಮೂರು ಬೇರೆ ಬೇರೆ ಕಾರ್ಯಗಳನ್ನು ಹೊತ್ತಿದೆ: ಕರಗುವುದು, ಒಡೆಯುವುದು, ಹೊರಬೀಳುವುದು. ಮೊದಲನೆಯದನ್ನು ನೋಡೋಣ. ಉಪ್ಪು ನೀರಿನಲ್ಲಿ ಕರಗುವಂತೆ ನಿಜವಾಗಿ ಕರಗುವ ಕಲ್ಲು ಯೂರಿಕ್ ಆಮ್ಲದ್ದು. ಪೊಟ್ಯಾಸಿಯಂ ಸಿಟ್ರೇಟಿನಂತಹ ಔಷಧಿಯಿಂದ ಮೂತ್ರದ ಆಮ್ಲತೆಯನ್ನು ತಗ್ಗಿಸಿದರೆ ಅದು ಕ್ರಮೇಣ ಕರಗುತ್ತದೆ. ಎಳ್ಳು, ಉತ್ತರಣೆ, ಬಾಳೆ, ಮುತ್ತುಗ, ಜವೆಗೋಧಿಗಳ ಕ್ಷಾರವನ್ನು ಸುಶ್ರುತನು ವಿಧಿಸಿರುವುದನ್ನು ಇಲ್ಲಿ ನೆನೆಯಬಹುದು. ಆದರೆ ಕಲ್ಲುಗಳಲ್ಲಿ ಸುಮಾರು 100ಕ್ಕೆ 80 ಭಾಗ ಕ್ಯಾಲ್ಸಿಯಂನವು. ಅವುಗಳಲ್ಲಿ ಆಕ್ಸಲೇಟ್ ಪ್ರಧಾನ. ಅದನ್ನು ದೇಹದೊಳಗೆ ಕರಗಿಸಬಲ್ಲದೆಂದು ಸಿದ್ಧಪಟ್ಟ, ಬಾಯಿಯಿಂದ ಸೇವಿಸುವ ಔಷಧಿ ಇದುವರೆಗೆ ಇಲ್ಲ.

ಎರಡನೆಯದು ಒಡೆಯುವುದು. ‘ಪಾಷಾಣಭೇದ’ ಎಂಬ ಹೆಸರೇ ಕಲ್ಲೊಡೆಯುವ ಶಕ್ತಿಗೆ ಸಾಕ್ಷಿಯೆಂದು ಹಲವರು ಭಾವಿಸುತ್ತಾರೆ. ಬಂಡೆಯ ಬಿರುಕಿನಲ್ಲಿ ಬೆಳೆಯುವುದರಿಂದ ಆ ಹೆಸರು ಬಂದಿತೆಂದು ಹೇಳುವುದುಂಟು. ಪ್ರದೇಶಭೇದದಿಂದ ಬೇರೆ ಬೇರೆ ಸಸ್ಯಗಳಿಗೆ ಅದೇ ಹೆಸರು ಸಲ್ಲುತ್ತದೆ. ನಾಮವು ಪ್ರಮಾಣವಾಗಲಾರದು.

ಮೂರನೆಯದು ಹೊರಬೀಳುವುದು. 5 ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಬಹುಪಾಲು ತಾವಾಗಿಯೇ ಮೂತ್ರದೊಡನೆ ಹೊರಬರುತ್ತವೆ. ಮೂತ್ರನಾಳದ ಸ್ನಾಯುಗಳನ್ನು ಸಡಿಲಿಸಿ ಇದಕ್ಕೆ ನೆರವಾಗುವ ಔಷಧಿಗಳೂ ಉಂಟು. ಆ ದಿನಗಳಲ್ಲಿ ರೋಗಿ ಬಾಳೆದಿಂಡಿನ ರಸವನ್ನೋ ಹುರುಳಿಯ ಕಟ್ಟನ್ನೋ ಕುಡಿದಿದ್ದರೆ ಕೀರ್ತಿ ಅದಕ್ಕೆ ಸಲ್ಲುತ್ತದೆ. ಒಂದರ ಬಳಿಕ ಒದಗಿದುದೆಲ್ಲ ಅದರಿಂದಲೇ ಒದಗಿತೆನ್ನುವುದು ತರ್ಕದೋಷ.

ಈ ದೋಷ ನಮ್ಮ ಹಳ್ಳಿಗಳಿಗೆ ಮಾತ್ರ ಸೇರಿದ್ದಲ್ಲ. ಜೊವಾನಾ ಸ್ಟೀಫನ್ಸ್ ಎಂಬಾಕೆಯ ಕಲ್ಲು ಕರಗಿಸುವ ಔಷಧದ ಗುಟ್ಟನ್ನು ಬ್ರಿಟಿಷ್ ಪಾರ್ಲಿಮೆಂಟು 1739ರಲ್ಲಿ 5000 ಪೌಂಡು ತೆತ್ತು ಕೊಂಡಿತು. ಅದರಲ್ಲಿದ್ದುದು ಸುಟ್ಟ ಮೊಟ್ಟೆಯ ಚಿಪ್ಪು, ಬಸವನಹುಳುವಿನ ಚಿಪ್ಪು, ಸಾಬೂನು, ಕೆಲವು ಮೂಲಿಕೆಗಳು. ಅದರ ಪರವಾಗಿ ಬರೆದ ತತ್ತ್ವಜ್ಞ ಡೇವಿಡ್ ಹಾರ್ಟ್‌ಲಿ ಅದನ್ನು ತಾನೂ ಸೇವಿಸುತ್ತಿದ್ದನು. 1757ರಲ್ಲಿ ಅವನು ತೀರಿಕೊಂಡುದು ಕಲ್ಲಿನ ವ್ಯಾಧಿಯಿಂದಲೇ.

ಪದದ ಸಡಿಲತೆಯಿಂದ ಪ್ರಾಣಕ್ಕೆ ಬರುವ ಕೇಡೇನು? ನಾಳದಲ್ಲಿ ಸಿಕ್ಕಿಕೊಂಡ ಕಲ್ಲು ಮೂತ್ರವನ್ನು ತಡೆದರೂ, ಕೆಲವು ದಿನಗಳಲ್ಲಿ ನೋವು ಇಳಿಯಬಹುದು. ರೋಗಿ ಕಲ್ಲು ಕರಗಿತೆಂದು ನಂಬುತ್ತಾನೆ. ಒಳಗೆ ಮೂತ್ರಪಿಂಡ ಸದ್ದಿಲ್ಲದೆ ಕೆಡುತ್ತಿರುತ್ತದೆ. ಚಳಿಜ್ವರ ಸೇರಿಕೊಂಡರಂತೂ ಒಂದು ದಿನದ ವಿಳಂಬವೂ ಅಪಾಯಕರ. ಮೂತ್ರಕೋಶದ ಕಲ್ಲಾದರೆ, ವೃದ್ಧ ಪುರುಷರಲ್ಲಿ ಪ್ರಾಸ್ಟೇಟ್ ಗ್ರಂಥಿ ಬೆಳೆದು ಮೂತ್ರಕ್ಕೆ ಅಡ್ಡಿಯಾಗುವುದೇ ಹಲವೊಮ್ಮೆ ಮೂಲಕಾರಣ. ಅದು ಉಳಿದರೆ ಕಲ್ಲು ಮರುಕಳಿಸುತ್ತದೆ.

ಔಷಧಿ ಒಂದು ಕಡೆ, ಹೊಟ್ಟೆ ಕೊಯ್ಯುವ ದೊಡ್ಡ ಶಸ್ತ್ರಚಿಕಿತ್ಸೆ ಇನ್ನೊಂದು ಕಡೆ ಎಂಬ ವಿರೋಧವೂ ಈಗ ಹಳೆಯದಾಯಿತು. 1980ರಲ್ಲಿ ಮ್ಯೂನಿಕ್ ನಗರದಲ್ಲಿ ಮೊದಲ ಬಾರಿಗೆ ದೇಹದ ಹೊರಗಿನಿಂದ ಆಘಾತತರಂಗಗಳನ್ನು ಹಾಯಿಸಿ ರೋಗಿಯ ಕಲ್ಲನ್ನು ಪುಡಿಮಾಡಲಾಯಿತು. ಮೂತ್ರದ್ವಾರದಿಂದ ಸಣ್ಣ ದರ್ಶಕವನ್ನು ಒಳಸೇರಿಸಿ ಕಲ್ಲನ್ನು ಒಡೆದು ತೆಗೆಯುವ ಕ್ರಮವೂ ರೂಢಿಯಲ್ಲಿದೆ. ‘ಅಶ್ಮರೀಭೇದನ’ ಎಂಬ ಮಾತು ಅಕ್ಷರಶಃ ಸಾರ್ಥಕವಾಗಿರುವುದು ಇಲ್ಲಿ.

ಮೂಲಿಕೆಗಳನ್ನು ಹಳಿಯುವುದಾಗಲಿ, ಶಸ್ತ್ರವನ್ನು ಹೊಗಳುವುದಾಗಲಿ ನಮ್ಮ ಇಂಗಿತವಲ್ಲ. ಕಲ್ಲು ಯಾವ ಜಾತಿಯದು, ಎಷ್ಟು ದೊಡ್ಡದು, ಎಲ್ಲಿದೆ, ಮೂತ್ರವನ್ನು ತಡೆದಿದೆಯೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ‘ಕರಗಿಸುತ್ತೇವೆ’ ಎಂಬ ಮಾತಿಗೆ ಅರ್ಥ ಬರುತ್ತದೆ. ಅದಕ್ಕೆ ಮುಂಚೆ ಅದು ಬರಿಯ ಆಶ್ವಾಸನೆ. ದಿನಕ್ಕೆ ಎರಡೂವರೆ ಲೀಟರಿನಷ್ಟು ಮೂತ್ರವಾಗುವಂತೆ ನೀರು ಕುಡಿಯುವುದು ಕಲ್ಲು ಮರುಕಳಿಸದಿರಲು ಒಳ್ಳೆಯ ಉಪಾಯವೆಂದು ಇಂದಿನ ವೈದ್ಯಶಾಸ್ತ್ರ ಹೇಳುತ್ತದೆ. ಬಯಲುಸೀಮೆಯ ರೈತನಿಗೆ ಇದನ್ನು ತಿಳಿಸುವವರು ಬೇಕು. ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿ ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ತನ್ನ ಮನೆಯ ಹಿರಿಯರಿಗೆ ಕಲಿಸಿದರೆ ಪದವಿಚಾರದ ಶ್ರಮ ಸಾರ್ಥಕವೆಂದು ನಾವು ಭಾವಿಸುತ್ತೇವೆ.