ಮನಸ್ಸಿನ ಮಂಡಿಗೆ: ಭೋಜನಪ್ರವಾಸದ ಬರಹಗಳನ್ನು ಕುರಿತು

ಈಚೆಗೆ ನಮ್ಮ ವಾಚನಕೂಟದಲ್ಲಿ ಇಟಲಿಯ ಎಮಿಲಿಯಾ-ರೊಮಾನ್ಯಾ ಸೀಮೆಯ ಭೋಜನಪ್ರವಾಸವನ್ನು ವರ್ಣಿಸುವ ಲೇಖನವೊಂದನ್ನು ಓದಲಾಯಿತು. ದೇವರ ದರ್ಶನಕ್ಕೆಂದೋ ಬಂಧುಗಳ ಭೆಟ್ಟಿಗೆಂದೋ ಅಲ್ಲದೆ, ಉಣ್ಣುವದಕ್ಕಾಗಿಯೇ ಊರೂರು ಸುತ್ತುವದು ಇಂದಿನ ಪ್ರವಾಸಗಳ ಒಂದು ಬಗೆ. ಪಾರ್ಮಾದ ಚೀಸ್, ಮೊದೆನಾದ ಕಪ್ಪು ವಿನೆಗರ್, ಲಾಂಬ್ರುಸ್ಕೊ ಎಂಬ ನೊರೆಯೇಳುವ ಕೆಂಪು ವೈನ್ ಎಲ್ಲವೂ ಆ ಲೇಖನದಲ್ಲಿ ಬಂದು ಹೋದವು. ಕೇಳಿದವರ ಬಾಯಲ್ಲಿ ನೀರೂರಿದ್ದು ನಿಜ. ಆದರೆ ಓದು ಮುಗಿದ ಮೇಲೆ, ಆ ವಿನೆಗರಿನ ರುಚಿ ಎಂಥದೆಂದು ಒಬ್ಬರು ಕೇಳಿದಾಗ ಯಾರಿಂದಲೂ ಉತ್ತರ ಬರಲಿಲ್ಲ. ಲೇಖನ ತುಂಬ ಇದ್ದವು 'ಅಪೂರ್ವ', 'ಅವರ್ಣನೀಯ', 'ಸ್ವರ್ಗಸಮಾನ' ಎಂಬ ವಿಶೇಷಣಗಳು ಮಾತ್ರ. ಇದಕ್ಕೆ ನಮ್ಮಲ್ಲಿ ಹಳೆಯ ಮಾತೊಂದುಂಟು: ಮನಸ್ಸಿನಲ್ಲಿ ಮಂಡಿಗೆ ತಿನ್ನುವದು. ಮರಾಠಿಯಲ್ಲಿಯೂ 'ಮನಾತ ಮಾಂಡೆ ಖಾಣೆ' ಎಂದು ಇದೇ ಮಾತು ಇದೆ. ಈ ಸಮಾನ ನುಡಿಗಟ್ಟಿಗೆ ಮುಂದೆ ಮತ್ತೆ ಬರುವೆವು.

ರುಚಿಯನ್ನು ಶಬ್ದದಲ್ಲಿ ಹಿಡಿಯುವದು ಅಸಾಧ್ಯವೆಂದು ಇಂಥ ಲೇಖಕರ ಪರವಾಗಿ ವಾದಿಸಬಹುದು. ಒಪ್ಪಿದೆವು. ಆದರೆ ರುಚಿಗೆ ಶಬ್ದವಿಲ್ಲದಿದ್ದರೂ ರುಚಿಯ ಕಾರಣಕ್ಕೆ ಶಬ್ದವುಂಟು. ಪಾರ್ಮಾ ಸೀಮೆಯ ಚೀಸಿನ ಒಂದು ಗಾಲಿಗೆ ಸುಮಾರು 550 ಲೀಟರು ಹಾಲು ಬೇಕು. ಕನಿಷ್ಠ 12 ತಿಂಗಳು ಅದು ಹಲಗೆಯ ಮೇಲೆ ಕುಳಿತು ಮಾಗಬೇಕು. ಮೊದೆನಾದ ಸಾಂಪ್ರದಾಯಿಕ ವಿನೆಗರಿಗೆ ಕನಿಷ್ಠ 12 ವರ್ಷ ಬೇಕು. ಕಾಯಿಸಿದ ದ್ರಾಕ್ಷಿಯ ರಸವನ್ನು ಒಂದಕ್ಕಿಂತ ಒಂದು ಸಣ್ಣದಾದ ಮರದ ಪೀಪಾಯಿಗಳ ಸಾಲಿನಲ್ಲಿಟ್ಟು, ವರ್ಷಕ್ಕೊಮ್ಮೆ ದೊಡ್ಡದರಿಂದ ಸಣ್ಣದಕ್ಕೆ ಇಳಿಸುತ್ತ ಹೋಗುವರು. ಈ ಪೀಪಾಯಿಗಳು ಇರುವದು ನೆಲಮಾಳಿಗೆಯಲ್ಲಲ್ಲ, ಮನೆಯ ಅಟ್ಟದ ಮೇಲೆ. ಬೇಸಗೆಯ ಕಾವು ರಸವನ್ನು ಇಂಗಿಸುವದು, ಚಳಿಗಾಲ ಅದನ್ನು ತಿಳಿಗೊಳಿಸುವದು. ತಂದೆ ತುಂಬಿಟ್ಟದ್ದನ್ನು ಮಗ ಬಡಿಸುವ ವಸ್ತು ಇದು. ಇಷ್ಟನ್ನು ಹೇಳಿದ್ದರೆ ಓದುಗನು ಒಂದು ತೊಟ್ಟು ವಿನೆಗರನ್ನೂ ಮುಟ್ಟದೆ ಅದರ ಗಾಂಭೀರ್ಯವನ್ನು ಅರಿಯುತ್ತಿದ್ದನು. 'ಅವರ್ಣನೀಯ' ಎಂದ ಲೇಖಕನು ವರ್ಣನೆಯ ಹೊಣೆಯಿಂದ ಜಾರಿಕೊಂಡನೆಂದೇ ನಮ್ಮ ದೂರು.

ಆ ಸೀಮೆಯಲ್ಲಿಯೇ ಇದಕ್ಕೆ ಮೇಲ್ಪಂಕ್ತಿ ಇದೆ. ಕ್ರಿ. ಪೂ. 187ರಲ್ಲಿ ರೋಮನರು ಹಾಕಿದ ಎಮಿಲಿಯಾ ಹೆದ್ದಾರಿಯ ಮೇಲಿರುವ ಫೊರ್ಲಿಂಪೊಪೊಲಿ ಎಂಬ ಸಣ್ಣ ಊರಿನಲ್ಲಿ 1820ರಲ್ಲಿ ಪೆಲ್ಲೆಗ್ರಿನೊ ಆರ್ತೂಸಿ ಜನಿಸಿದನು. 1851ರಲ್ಲಿ ದರೋಡೆಕೋರರು ಆ ಊರನ್ನು ದೋಚಿದ ತರುವಾಯ ಅವನ ಕುಟುಂಬವು ಫ್ಲಾರೆನ್ಸಿಗೆ ಹೋಗಿ ನೆಲಸಿತು. ಅವನು ವ್ಯಾಪಾರಿ, ಪಂಡಿತನಲ್ಲ. 1891ರಲ್ಲಿ, ತನ್ನ 71ನೆಯ ವಯಸ್ಸಿನಲ್ಲಿ, ಅಡುಗೆಯ ಶಾಸ್ತ್ರವನ್ನೂ ಚೆನ್ನಾಗಿ ಉಣ್ಣುವ ಕಲೆಯನ್ನೂ ಕುರಿತ ಗ್ರಂಥವನ್ನು ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದನು. ಮೊದಲು 475 ಪಾಕಗಳಿದ್ದ ಪುಸ್ತಕವು ಅವನು 1911ರಲ್ಲಿ ತೀರಿಕೊಳ್ಳುವ ಹೊತ್ತಿಗೆ 790 ಪಾಕಗಳಿಗೆ ಬೆಳೆದಿತ್ತು. ಅದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ ನಮಗೆ ಮೆಚ್ಚುಗೆಯಾದದ್ದು ಪಾಕಗಳ ಸಂಖ್ಯೆಯಲ್ಲ. ತರಕಾರಿ ಸಾರಿನ ಪಾಕವನ್ನು ಹೇಳುವಾಗ ಅವನು 1855ರಲ್ಲಿ ಲಿವೊರ್ನೊ ಪಟ್ಟಣದಲ್ಲಿ ತಾನು ಅದನ್ನು ಉಂಡು ಇಡೀ ರಾತ್ರಿ ಒದ್ದಾಡಿದ್ದನ್ನೂ, ಸಾರನ್ನು ಶಪಿಸಿದ್ದನ್ನೂ, ಆ ಊರಿಗೆ ಕಾಲರಾ ಬಂದಿತ್ತೆಂಬುದು ಆಮೇಲೆ ತಿಳಿದುದನ್ನೂ ಹೇಳುವನು. ಒಂದು ಬಟ್ಟಲು ಸಾರಿನಲ್ಲಿ ಒಂದು ಊರಿನ ಭಯವೇ ಬಂದಿದೆ. ಇದು ಸಾಹಿತ್ಯವಲ್ಲವೆನ್ನಲು ನಮಗೆ ಧೈರ್ಯವಿಲ್ಲ.

ಇನ್ನೊಂದು ಅಂಶ ಇದಕ್ಕಿಂತಲೂ ಮುಖ್ಯವಾದದ್ದು. ಇಟಲಿ ಒಂದು ರಾಜ್ಯವಾದದ್ದು 1861ರಲ್ಲಿ. ಆಗ ಅಲ್ಲಿಯ ಬಹುಜನರು ಆಡುತ್ತಿದ್ದುದು ತಂತಮ್ಮ ಸೀಮೆಯ ನುಡಿಯನ್ನು. ಒಂದೇ ಪದಾರ್ಥಕ್ಕೆ ಊರಿಗೊಂದು ಹೆಸರು. ಸಿರಿವಂತರ ಪಾಕಶಾಲೆಯಲ್ಲಿ ಫ್ರೆಂಚ್ ಶಬ್ದಗಳ ದರ್ಬಾರು. ಆರ್ತೂಸಿ ತನ್ನ ಗ್ರಂಥಕ್ಕೆ ಶಬ್ದಗಳ ಅರ್ಥಸೂಚಿಯೊಂದನ್ನು ಸೇರಿಸಿದನು; ಬೇರೆ ಸೀಮೆಯ ಗೃಹಿಣಿಯೂ ಓದಿ ತಿಳಿಯಲೆಂಬುದು ಅವನ ಆಶಯ. ಅಡುಗೆಮನೆಯ ಮಾತಿಗೆ ಹೀಗೆ ಗ್ರಂಥದ ಮರ್ಯಾದೆ ದೊರೆಯಿತು. ಅಡುಗೆಯವಳಾದ ಮರಿಯೆತ್ತಾಳ ಹೆಸರಿನಲ್ಲಿಯೇ ಒಂದು ಸಿಹಿ ರೊಟ್ಟಿಯ ಪಾಕ ಅದರಲ್ಲಿದೆ. ಪುಸ್ತಕದ ಹಕ್ಕನ್ನು ಅವನು ಮರಣಪತ್ರದಲ್ಲಿ ಆಕೆಗೂ ತನ್ನ ಇನ್ನೊಬ್ಬ ಅಡುಗೆಯವನಿಗೂ ಬಿಟ್ಟುಹೋದನು. ಬೇಯಿಸಿದ ಕೈಯನ್ನು ಮರೆಯದ ಗ್ರಂಥಕರ್ತನೆಂದು ಅವನನ್ನು ಕರೆಯಬೇಕು.

ಈಗ ನಮ್ಮ ಕಡೆಗೆ ನೋಡೋಣ. ಈ ವಿಷಯದಲ್ಲಿ ಕನ್ನಡಿಗರು ಬಡವರಲ್ಲ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಸ್ಥಾನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗ, ಪಾನೀಯಭೋಗಗಳೆಂಬ ಪ್ರಕರಣಗಳಿವೆ. ಕೊಲ್ಲಾಪುರದ ಶಿಲಾಹಾರರು ಆ ಚಾಲುಕ್ಯರ ಸಾಮಂತರಾಗಿದ್ದುದರಿಂದ ಆ ಗ್ರಂಥವು ನಮ್ಮ ಸೀಮೆಗೂ ದೂರದ್ದಲ್ಲ. ಕಾದ ಮಡಕೆಯ ಮೇಲೆ ಬೇಯಿಸುವ ಮಂಡಕವೆಂಬ ತೆಳುವಾದ ಗೋದಿಯ ಭಕ್ಷ್ಯ ಅದರಲ್ಲಿ ಬರುವದು. ಅದೇ ನಮ್ಮ ಮಂಡಿಗೆ. ಬೆಳಗಾವಿಯ ಕಡೆಯ ಮದುವೆಗಳಲ್ಲಿ ಇಂದಿಗೂ ಎಲೆಯ ಮೇಲೆ ಬೀಳುವಂಥದು. ಮುಕ್ತಾಬಾಯಿಗೆ ಮಾಂಡೆ ಬೇಯಿಸಲು ಮಡಕೆ ಸಿಗದಾಗ ಅಣ್ಣ ಜ್ಞಾನೇಶ್ವರನು ತನ್ನ ಬೆನ್ನನ್ನೇ ಕಾಯಿಸಿ ಕೊಟ್ಟನೆಂಬ ಕಥೆಯನ್ನು ಈ ಭಾಗದಲ್ಲಿ ಕೇಳದವರಿಲ್ಲ. ಒಂದು ಭಕ್ಷ್ಯವು ಅರಸನ ಗ್ರಂಥದಿಂದ ಸಂತನ ಕಥೆಗೂ, ಎರಡು ಭಾಷೆಗಳ ಒಂದೇ ನುಡಿಗಟ್ಟಿಗೂ ಸಂಚರಿಸಿದೆ. ಇದಕ್ಕಿಂತ ದೀರ್ಘವಾದ ಭೋಜನಪ್ರವಾಸ ಯಾವದು?

16ನೆಯ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸನು ಒಂದು ಹೆಜ್ಜೆ ಮುಂದೆ ಹೋಗಿ ಇಡೀ 'ಸೂಪಶಾಸ್ತ್ರ'ವನ್ನೇ ಕನ್ನಡದ ವಾರ್ಧಕ ಷಟ್ಪದಿಯಲ್ಲಿ ಬರೆದನು. ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಬದನೆ, ಹಲಸು, ಬಾಳೆ ಹೀಗೆ ಅದರ ಹರವು ದೊಡ್ಡದು. ಮದ್ಯಮಾಂಸಗಳಿಗೆ ಅಲ್ಲಿ ಎಡೆಯಿಲ್ಲ. ಪದಾರ್ಥಗಳ ಬರಿಯ ಯಾದಿಯನ್ನು ಕೊಟ್ಟು ಬೆರಗುಗೊಳಿಸುವ ಭೋಜನವರ್ಣನೆಗಳಿಗಿಂತ ಇದು ಮೇಲು. ಏಕೆಂದರೆ ಅರೆಯುವದು, ಸೋಸುವದು, ಒಗ್ಗರಿಸುವದು ಮೊದಲಾದ ಕ್ರಿಯೆಗಳಿಗೆ ಇಲ್ಲಿ ಛಂದಸ್ಸಿನಲ್ಲಿ ಜಾಗ ಸಿಕ್ಕಿದೆ. ಆದರೂ ನಮ್ಮ ಪ್ರಾಚೀನ ಗ್ರಂಥಗಳ ಒಂದು ಕೊರತೆಯನ್ನು ಹೇಳಲೇಬೇಕು. ಸೋಮೇಶ್ವರನಲ್ಲಿ ಉಣ್ಣುವವನು ಅರಸ, ಮಂಗರಸನಲ್ಲಿ ಮಾತಾಡುವವನು ಶಾಸ್ತ್ರಜ್ಞ. ಒಲೆಯ ಮುಂದೆ ಕುಳಿತವಳು ಎಲ್ಲಿಯೂ ಕಾಣಿಸಳು. ನಮ್ಮಲ್ಲಿ ಮರಿಯೆತ್ತಾಗಳಿಗೆ ಹೆಸರಿಲ್ಲ.

ಇದನ್ನೆಲ್ಲ ಗಡಹಿಂಗ್ಲಜದಲ್ಲಿ ಕುಳಿತು ಏಕೆ ಬರೆಯುವೆವು? ನಮ್ಮ ಊರೂ ಒಂದು ಎಮಿಲಿಯಾ ಎಂದು ಜಂಬ ಕೊಚ್ಚುವದಕ್ಕಲ್ಲ. 1949ರಲ್ಲಿ ಕೊಲ್ಲಾಪುರ ಸಂಸ್ಥಾನದೊಂದಿಗೆ ಮುಂಬಯಿ ಪ್ರಾಂತಕ್ಕೆ ಸೇರಿ, 1956ರ ಪುನರ್ವಿಂಗಡಣೆಯಲ್ಲಿಯೂ ಅಲ್ಲಿಯೇ ಉಳಿದು, 1960ರಿಂದ ಮಹಾರಾಷ್ಟ್ರದಲ್ಲಿರುವ ಊರು ಇದು. ಹಿರಣ್ಯಕೇಶಿಯ ನೀರು ಗಡಿಯನ್ನು ಕೇಳದೆ ಸಂಕೇಶ್ವರಕ್ಕೆ ಹರಿದುಹೋಗುವದು. ನಮ್ಮ ಪೇಟೆಗೆ ಹೆಸರು ತಂದ ಮೆಣಸಿನಕಾಯಿಯನ್ನು 'ಸಂಕೇಶ್ವರಿ' ಎನ್ನುವರು: ಹೆಸರು ಕರ್ನಾಟಕದ ಊರಿನದು, ಸವಾಲು ನಡೆಯುವದು ಮಹಾರಾಷ್ಟ್ರದ ಪೇಟೆಯಲ್ಲಿ. ಮೆಣಸಿನಕಾಯಿ ಎಂಬ ಶಬ್ದವನ್ನೇ ನೋಡಿರಿ. ಸೋಮೇಶ್ವರನಿಗೆ ಗೊತ್ತಿದ್ದುದು ಕರಿಮೆಣಸು. ಪೋರ್ಚುಗೀಜರ ಕಾಲದಲ್ಲಿ ಕಡಲಾಚೆಯಿಂದ ಬಂದ ಅತಿಥಿಗೆ ನಮ್ಮವರು ಹಳೆಯ ಮೆಣಸಿನ ಹೆಸರಿಗೆ 'ಕಾಯಿ' ಸೇರಿಸಿ ಮನೆಯವನನ್ನಾಗಿ ಮಾಡಿಕೊಂಡರು.

ಬೆಲ್ಲದ ಗಾಣಕ್ಕೆ ಹೋದರೆ ಇದೇ ಅನುಭವ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆಯನ್ನು ಹಾಕುವರು. ಹೊಲಸೆಲ್ಲ ನೊರೆಯಾಗಿ ಮೇಲೆ ಬರುವದು. ಪಾಕ ಬಂತೆಂದು ಹೇಳುವವನು ಗಡಿಯಾರವನ್ನು ನೋಡುವದಿಲ್ಲ, ತಣ್ಣೀರಿನಲ್ಲಿ ಒಂದು ಹನಿ ಬಿಟ್ಟು ಬೆರಳಿನಿಂದ ಮುಟ್ಟಿ ನೋಡುವನು. ಕೊಲ್ಲಾಪುರದ ಬೆಲ್ಲಕ್ಕೆ 2014ರಲ್ಲಿ, ನೆರೆಯ ಆಜರಾದ ಘನಸಾಳ ಅಕ್ಕಿಗೆ 2016ರಲ್ಲಿ ಭೌಗೋಲಿಕ ಗುರುತು ದೊರೆತಿದೆ. ಪಾರ್ಮಾದ ಚೀಸಿನಂತೆ ಇವುಗಳ ಹೆಸರಿಗೂ ಈಗ ಕಾಯಿದೆಯ ಕಾವಲು. ಆದರೆ ಕಾಯಿದೆ ಕಾಯುವದು ವಸ್ತುವಿನ ಹೆಸರನ್ನು. ಅದನ್ನು ಮಾಡುವವರ ಮಾತನ್ನಲ್ಲ.

ಆ ಮಾತಿನದೇ ನಮ್ಮ ಚಿಂತೆ. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಮರಾಠಿಯಲ್ಲಿ ಕಲಿಯುವರು, ಪೇಟೆಯ ವ್ಯವಹಾರ ಮರಾಠಿಯಲ್ಲಿ ನಡೆಯುವದು. ಕನ್ನಡವು ಒಲೆಯ ಸುತ್ತ ಉಳಿದಿದೆ. ಇದರಲ್ಲಿ ಯಾರ ಮೇಲೂ ದ್ವೇಷವಿಲ್ಲ. ನಮ್ಮ ತುಪ್ಪವೇ ಮರಾಠಿಯ ತೂಪ, ನಮ್ಮ ಅಡಕೊತ್ತೇ ಅವರ ಅಡಕಿತ್ತಾ ಎಂದು ಭಾಷಾಶಾಸ್ತ್ರಜ್ಞರು ಹೇಳುವರು. ಝುಣಕ, ಭಾಜಿಗಳನ್ನು ನಾವು ಅವರಿಂದ ಪಡೆದು ಉಣ್ಣುತ್ತಿದ್ದೇವೆ. ಕೊಡುಕೊಳ್ಳುವಿಕೆ ಸಂಪತ್ತೇ ಸರಿ. ಆದರೆ ರೊಟ್ಟಿಯ ಹಿಟ್ಟಿಗೆ ಎಸರು ಹೊಯ್ಯುವ ಹದಕ್ಕೆ, ಅಂಬಲಿ ಹುಳಿಯೇರಿದ ಮಟ್ಟಕ್ಕೆ, ಖಾರ ಕುಟ್ಟುವ ಬಗೆಗೆ ನಮ್ಮ ಅಜ್ಜಿಯರಲ್ಲಿ ಇದ್ದ ಒಂದೊಂದು ಶಬ್ದ ಅವರೊಂದಿಗೇ ಹೋಗುತ್ತಿದೆ. ಅವನ್ನು ನಾವು ಬರೆದಿಟ್ಟಿಲ್ಲ. ದೂರದ ವಿನೆಗರನ್ನು 'ಅವರ್ಣನೀಯ'ವೆಂದವನನ್ನು ಆಕ್ಷೇಪಿಸಿದೆವು. ನಮ್ಮ ಮನೆಯ ಅಂಬಲಿಯನ್ನು ವರ್ಣಿಸದೆ ಬಿಟ್ಟ ನಮ್ಮ ತಪ್ಪು ಅದಕ್ಕಿಂತ ಸಣ್ಣದೇನು?

ಅಡುಗೆಯು ಸಾಹಿತ್ಯಪತ್ರಿಕೆಯ ವಿಷಯವೇ ಎಂದು ಕೆಲವರು ಮೂಗು ಮುರಿಯಬಹುದು. ಮಂಗರಸನಿಗೆ ಷಟ್ಪದಿಯ ವಿಷಯವಾದದ್ದು ನಮ್ಮ ಕೈಬರಹದ ಕಲ್ಲಚ್ಚಿನ ಪುಟಗಳಿಗೆ ಹಗುರವಾಗಲಾರದು. ಆದುದರಿಂದ ವಾಚಕರಲ್ಲಿ ಒಂದು ವಿನಂತಿ. ಪ್ರವಾಸ ಹೋಗುವವರು ಹೋಗಿ ಬರಲಿ, ಇಟಲಿಯಿಂದಲೂ ಬರೆಯಲಿ. ಬರೆಯುವಾಗ ವಿಶೇಷಣಗಳನ್ನು ಬಿಟ್ಟು ಎಷ್ಟು ಹಾಲು, ಎಷ್ಟು ವರ್ಷ, ಯಾರ ಕೈ ಎಂಬುದನ್ನು ಹೇಳಲಿ. ಊರಲ್ಲೇ ಇರುವವರು ತಮ್ಮ ಮನೆಯ ಹಿರಿಯಳೊಬ್ಬಳ ಬಳಿ ಕುಳಿತು ಒಂದು ಪದಾರ್ಥವನ್ನು, ಆಕೆಯ ಮಾತಿನಲ್ಲಿಯೇ, ಆಕೆಯ ಹೆಸರಿನೊಡನೆ ಬರೆದುಕೊಳ್ಳಲಿ. ಕನ್ನಡ ಶಬ್ದದ ಎದುರಿಗೆ ಮರಾಠಿ ಶಬ್ದವನ್ನೂ ಬರೆದಿಡಲಿ. ಅಂಥ ಬರಹಗಳನ್ನು ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕಲು ನಮ್ಮ ಸಂಘ ಸಿದ್ಧವಿದೆ. ಮಂಡಿಗೆಯನ್ನು ಮಾಡಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಮೊದಲ ಬರಹ ಅದರಿಂದಲೇ ಆರಂಭವಾಗಲಿ.