ಮಾರ್ಗಯ್ಯ ಯಾವ ಭಾಷೆಯಲ್ಲಿ ಮಾತಾಡಿದ?

ಆರ್.ಕೆ. ನಾರಾಯಣ್ ಅವರ ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ (1952) ಕಾದಂಬರಿಯನ್ನು ಓದಿ ಮುಗಿಸಿದ ನನ್ನ ಮಗಳು, “ಅಪ್ಪಾ, ಮಾರ್ಗಯ್ಯ ರೈತರ ಹತ್ತಿರ ಯಾವ ಭಾಷೆ ಮಾತಾಡ್ತಿದ್ದ?” ಎಂದು ಕೇಳಿದಳು. ತಾರ್ನಾಕದಲ್ಲೇ ಹುಟ್ಟಿ ಬೆಳೆದ ಹುಡುಗಿ. ಇಂಗ್ಲಿಷನ್ನು ನೀರು ಕುಡಿದಂತೆ ಓದುತ್ತಾಳೆ. ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾಳೆ. ನನಗೆ ಉತ್ತರ ಹೊಳೆಯಲಿಲ್ಲ. ಆ ನೆಪದಲ್ಲಿ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ.

ಸುತ್ತಣ ಹಳ್ಳಿಗಳ ಅಗತ್ಯವೇ ಪೇಟೆಯೂರಿನ ಬಂಡವಾಳ. ಮಾಲ್ಗುಡಿಯ ಈ ಗುಣವನ್ನು ನಾರಾಯಣ್ ಒಂದು ಆಲದ ಮರದ ಕೆಳಗೆ ಹಿಡಿದಿಟ್ಟಿದ್ದಾರೆ. ಎದುರಿಗೆ ಸಹಕಾರಿ ಭೂ ಅಡಮಾನ ಬ್ಯಾಂಕು. ಮರದ ನೆರಳಲ್ಲಿ ತಗಡಿನ ಪೆಟ್ಟಿಗೆ, ಮಸಿ, ಲೇಖನಿ, ಅರ್ಜಿ ನಮೂನೆಗಳೊಂದಿಗೆ ಮಾರ್ಗಯ್ಯ. ಬ್ಯಾಂಕು ರೈತರದೇ; ಆದರೂ ಅದರ ಬಾಗಿಲಿಗೆ ಹೋಗಲು ಅವರಿಗೆ ಮಾರ್ಗಯ್ಯ ಬೇಕು. ನಮೂನೆಗಳ ನಡುವೆಯೇ ನೌಕರಿ ಮಾಡಿದ ಗುಮಾಸ್ತನಾಗಿ ಹೇಳುತ್ತೇನೆ: ಕಾಗದಕ್ಕೆ ಹೆದರುವ ಮನುಷ್ಯನನ್ನು ಇಷ್ಟು ಚೆನ್ನಾಗಿ ಬಲ್ಲ ಲೇಖಕರು ವಿರಳ. ಮಗ ಬಾಲು ಲೆಕ್ಕದ ಪುಸ್ತಕವನ್ನು ಚರಂಡಿಗೆ ಎಸೆದಾಗ ಒಂದು ಸಂಸಾರದ ಜೀವನೋಪಾಯವೇ ಕೊಚ್ಚಿಹೋಗುತ್ತದೆ. ಮುಂದೆ ಸಿರಿವಂತನಾಗಿ, ಎಲ್ಲವನ್ನೂ ಕಳೆದುಕೊಂಡ ಮಾರ್ಗಯ್ಯನಿಗೆ ಕೊನೆಗೆ ನೆನಪಾಗುವುದು ಅದೇ ಮರ, ಅದೇ ಪೆಟ್ಟಿಗೆ.

ಇಷ್ಟು ಮೆಚ್ಚಿದ ಮೇಲೂ ಒಂದು ಕೊರತೆಯನ್ನು ಹೇಳಲೇಬೇಕು. ಇಲ್ಲಿ ರೈತನೂ ಮಾರ್ಗಯ್ಯನೂ ಬ್ಯಾಂಕಿನ ಕಾರ್ಯದರ್ಶಿಯೂ ಹೆಚ್ಚುಕಡಿಮೆ ಒಂದೇ ಬಗೆಯ ತಿಳಿ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಪೇಟೆಯೆಂದರೆ ಚೌಕಾಸಿ, ಬೈಗುಳ, ಒಂದೊಂದು ಹಳ್ಳಿಗೂ ಒಂದೊಂದು ಉಲಿ. ನಾನು ಓದಿದ್ದು ಬಿ.ಎಸ್‌ಸಿ.; ಇಂಗ್ಲಿಷ್ ಸಾಹಿತ್ಯದಲ್ಲಿ ಪಂಡಿತನಲ್ಲ. ಆದರೂ ಥಾಮಸ್ ಹಾರ್ಡಿಯ ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ (1886) ನೆನಪಾಗುತ್ತದೆ. ಇಂಗ್ಲೆಂಡಿನ ಡಾರ್ಚೆಸ್ಟರ್ ಎಂಬ ಪುಟ್ಟ ಪೇಟೆಯೂರನ್ನು ಆಧರಿಸಿದ ಆ ಕಥೆಯಲ್ಲಿ ಕೂಲಿಯಾಳುಗಳ ಮಾತಿಗೆ ಸೀಮೆಯ ಸೊಗಡಿದೆ. ಸ್ಕಾಟ್ಲೆಂಡಿನಿಂದ ಬಂದ ಫಾರ್‌ಫ್ರೇ ಛತ್ರದಲ್ಲಿ ಕೂತು ತನ್ನ ನಾಡಿನ ಹಾಡು ಹಾಡುತ್ತಾನೆ. ಊರಿಗೆ ಮಾತ್ರ ಹಿಂತಿರುಗುವುದಿಲ್ಲ. ಅವನನ್ನು ಅರ್ಥಮಾಡಿಕೊಳ್ಳಲು ನಮ್ಮ ಸಂಘದ ಸದಸ್ಯರಿಗೆ ಟಿಪ್ಪಣಿ ಬೇಕಿಲ್ಲ!

ನಾರಾಯಣ್ ಪರವಾಗಿಯೂ ಒಂದು ಮಾತುಂಟು. ಮಾಲ್ಗುಡಿಗೆ ಸೀಮೆಯ ಭಾಷೆ ಅಂಟದ್ದರಿಂದಲೇ ಪಕ್ಕದ ಮನೆಯ ತೆಲುಗರೂ ಅದನ್ನು ತಮ್ಮೂರೆನ್ನುತ್ತಾರೆ. ಈ ಲಾಭ ಸಣ್ಣದಲ್ಲ. ಆದರೆ ಎಲ್ಲರದೂ ಆಗುವ ಊರು ಯಾರದೂ ಆಗದೆ ಉಳಿಯುವ ಅಪಾಯವೂ ಇದೆ. ಮೋಂಡಾ ಮಾರ್ಕೆಟ್ಟಿನಲ್ಲಿ ತೆಲುಗು, ಆಟೋದವನೊಡನೆ ಹಿಂದಿ, ಕಚೇರಿಯಲ್ಲಿ ಇಂಗ್ಲಿಷ್ ಆಡಿ ಮನೆಗೆ ಬರುವ ನಮಗೆ ಅದು ಗೊತ್ತು.

ಟಿ.ಎಸ್. ನಾಗಾಭರಣ ಇದೇ ಕಾದಂಬರಿಯನ್ನು 1983ರಲ್ಲಿ ‘ಬ್ಯಾಂಕರ್ ಮಾರ್ಗಯ್ಯ’ ಎಂಬ ಕನ್ನಡ ಚಿತ್ರವಾಗಿಸಿದರು. ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಒಂದು ಭಾನುವಾರ ಮಗಳನ್ನು ಕೂರಿಸಿಕೊಂಡು ನೋಡಿದೆ. ನಾರಾಯಣರ ವಾಕ್ಯಗಳ ನಡುವೆ ಅಡಗಿರುವ ನಸುನಗೆಯನ್ನು ಯಾವ ಕ್ಯಾಮೆರಾವೂ ಪೂರ್ತಿಯಾಗಿ ಹಿಡಿಯಲಾರದು, ನಿಜ. ಆದರೆ ಲೋಕೇಶ್ ಬಾಯಿ ತೆರೆದ ಕೂಡಲೇ ಮಾರ್ಗಯ್ಯ ನಮ್ಮ ಕಡೆಯ ಮನುಷ್ಯನಾದ.

ಕಾದಂಬರಿಯನ್ನೂ ಓದಿ, ಚಿತ್ರವನ್ನೂ ನೋಡಿ ಎಂದು ಓದುಗರಲ್ಲಿ ನನ್ನ ವಿನಂತಿ. ನೋಡುವಾಗ ಮಕ್ಕಳು ಜೊತೆಗಿರಲಿ. ನನ್ನ ಮಗಳು ನಡುವೆ ನಾಲ್ಕಾರು ಮಾತುಗಳ ಅರ್ಥ ಕೇಳಿದಳು. ಮೊದಲಿನ ಪ್ರಶ್ನೆಯನ್ನು ಮಾತ್ರ ಮತ್ತೆ ಕೇಳಲಿಲ್ಲ.